ಟೆರ್ನೊಯದ ಸೊನ್ನೆಗಳು

ಸುಂದ್‌ವಿಕ
ಸೆಪ್ಟೆಂಬರ್ 9

ಮಾವನವರಿಗೆ,

ಈ ಒಂದು ಪದ ಬರೆಯುವುದಕ್ಕೇ ಎರಡು ಹಾಳೆ ಹಾಳಾದವು. ಶೆಟಿಲ್‌ಗೂ ನನಗೂ ವಿಚ್ಛೇದನವಾಗಿ ಎರಡು ವರ್ಷವಾಯಿತು, ಕಾನೂನಿನ ಪ್ರಕಾರ ನೀವು ನನಗೆ ಮಾವನಲ್ಲ. ಹಾಗಂತ ‘ಶ್ರೀ ಟೋರ್ಲೈಫ್ ಬ್ರೆಕ್ಕೆಯವರಿಗೆ’ ಎಂದು ಬರೆದರೆ ತೆರಿಗೆ ಇಲಾಖೆಯ ನೋಟಿಸಿನ ಹಾಗೆ ಕಾಣುತ್ತದೆ. ಬೈದರೂ ಪರವಾಗಿಲ್ಲ, ಮಾವ ಎಂದೇ ಇರಲಿ. ಫೋನ್ ಮಾಡಿದರೆ ಅತ್ತೆ ಎತ್ತುತ್ತಾರೆ, ನೀವು ಎದ್ದು ದೋಣಿಮನೆಗೆ ಹೋಗಿಬಿಡುತ್ತೀರಿ. ನಿವೃತ್ತಿಯಾದ ದಿನವೇ ಕಂಪ್ಯೂಟರಿನ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದವರಿಗೆ ಇಮೇಲೂ ಇಲ್ಲ. ಅದಕ್ಕೇ ಈ ಕಾಗದ.

ವಿಷಯ ಕೆಲಸದ್ದು. ಆಂಬುಲೆನ್ಸ್‌ಗಳ ವಾರ್ಷಿಕ ಲೆಕ್ಕ ಈ ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಅಂದರೆ ನೀವು ಕಚೇರಿಯಲ್ಲಿದ್ದಾಗ ಬರೆದ ಕಂಪ್ಯೂಟರ್ ಸ್ಕ್ರಿಪ್ಟ್ ನನ್ನ ಪಾಲಿಗೆ ಬಂದಿದೆ. ಜಿಲ್ಲೆಯ ಹತ್ತು ನಿಲ್ದಾಣಗಳಲ್ಲಿ ಒಂದೊಂದೂ ವರ್ಷಕ್ಕೆ ಎಷ್ಟು ಕರೆಗೆ ಹೊರಟಿತು, ರೋಗಿಯನ್ನು ಮುಟ್ಟಲು ಎಷ್ಟು ಹೊತ್ತಾಯಿತು ಎಂದು ಎಣಿಸಲು ನೀವು ಮೂವತ್ತು ಸಾಲಿನ ಕೋಡ್ ಬರೆದಿದ್ದೀರಿ. ಅದನ್ನೇ ನಕಲು ಮಾಡಿ, ನಿಲ್ದಾಣದ ಹೆಸರು ಮಾತ್ರ ಬದಲಿಸಿ, ಹತ್ತು ಸಲ ಅಂಟಿಸಿದ್ದೀರಿ. ಮುನ್ನೂರು ಸಾಲಿನಲ್ಲಿ ಹುಡುಕಿದರೂ ಒಂದು ಟಿಪ್ಪಣಿಯಿಲ್ಲ. ರೋಗಿ ಎಷ್ಟು ಹೊತ್ತು ಕಾಯಬಹುದು ಎಂಬ ಮಿತಿಯನ್ನು ಜಿಲ್ಲಾ ಮಂಡಳಿ ಬದಲಿಸಿದಾಗಲೆಲ್ಲ ಹತ್ತು ಕಡೆ ತಿದ್ದುತ್ತಾ ಕೂತಿದ್ದಿರಲ್ಲ, ಬೇಜಾರಾಗಲಿಲ್ಲವೇ? ನಾನು ಆ ಮೂವತ್ತು ಸಾಲನ್ನು ಒಂದೇ ಸಲ ಬರೆದು ಫಂಕ್ಷನ್ ಮಾಡಿದ್ದೇನೆ. ಹತ್ತು ಹೆಸರು ಕೊಟ್ಟರೆ ಹತ್ತು ಉತ್ತರ ಬರುತ್ತದೆ.

ಹೀಗೆ ಹತ್ತನ್ನೂ ಒಂದು ಮಾಡುವಾಗ ಸಿಕ್ಕ ಸಂದೇಹ ಇದು. ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ನಡುವೆ ಸೊನ್ನೆ ನಿಮಿಷವಿದ್ದರೆ ಆ ಕರೆಯನ್ನು ತೆಗೆದುಹಾಕು ಎಂಬ ಒಂದು ಸಾಲು ನಿಮ್ಮಲ್ಲಿದೆ. ಸರಿಯಾದ್ದೇ. ಹೊರಡುವ ಮೊದಲೇ ರದ್ದಾದ ಕರೆ, ತಪ್ಪಿ ಒತ್ತಿದ ಗುಂಡಿ, ಇವೆಲ್ಲ ಸೊನ್ನೆಯಾಗಿ ಬರುತ್ತವೆ. ಆ ಸಾಲು ಒಂಬತ್ತು ತುಂಡುಗಳಲ್ಲಿದೆ, ಏಳನೆಯ ತುಂಡಿನಲ್ಲಿಲ್ಲ. ಏಳನೆಯದು ನಿಮ್ಮ ಟೆರ್ನೊಯ ದ್ವೀಪದ್ದು. ಅಂಟಿಸುವಾಗ ಬಿಟ್ಟುಹೋಗಿರಬೇಕು ಎಂದುಕೊಂಡು ಅದಕ್ಕೂ ಸೇರಿಸಿದ್ದೇನೆ. ಸರಿ ತಾನೇ?

ಅತ್ತೆಗೆ ನಮಸ್ಕಾರ ಹೇಳಿ. ಉತ್ತರ ಬರೆಯುತ್ತೀರಿ ಎಂದು ನಂಬಿರುವ,
ಸಿನ್ನೋವೆ

*

ಟೆರ್ನೊಯ
ಸೆಪ್ಟೆಂಬರ್ 20

ಸಿನ್ನೋವೆ,

ಕಾಗದ ತಲುಪಿತು. ನಕಲು ಮಾಡಿ ಅಂಟಿಸಿದ್ದು ಎನ್ನುತ್ತೀಯ. ಹತ್ತು ಸಲ ಬರೆದದ್ದು ಹತ್ತು ಸಲ ಯೋಚಿಸಿ ಬರೆದದ್ದು. ಗೊತ್ತಿಲ್ಲದ ಕಡೆ ಕೈ ಹಾಕಬೇಡ.

ಇದಕ್ಕಿಂತ ಹೆಚ್ಚು ಹೇಳುವುದು ನನಗೆ ಶೋಭಿಸುವುದಿಲ್ಲ. ನಾನೀಗ ಆ ಕಚೇರಿಯವನಲ್ಲ, ಈ ದ್ವೀಪದವನು. ದ್ವೀಪದ ಲೆಕ್ಕದಲ್ಲಿ ದ್ವೀಪದವನು ಬಾಯಿ ಹಾಕಬಾರದು.

ಮನೆಯ ಪಡುವಣ ಗೋಡೆಗೆ ಬಣ್ಣ ಬಳಿದು ಮುಗಿಯಿತು. ಶೆಟಿಲ್ ಚೆನ್ನಾಗಿದ್ದಾನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಟೋರ್ಲೈಫ್ ಬ್ರೆಕ್ಕೆ

ಇವರು ಲಕೋಟೆ ಅಂಟಿಸೋಕೆ ಮುಂಚೆ ಕಿತ್ಕೊಂಡು ಬರೀತಿದೀನಿ ಕಣೇ. ನಿನ್ನ ಕಾಗದ ಮೂರು ಸಲ ಓದಿದ್ರು. ಆಮೇಲೆ ‘ಬಾಲಬಿಚ್ಚಿದ ಹುಡುಗಿ’ ಅಂತ ಗೊಣಗಿಕೊಂಡು ಕಾಫಿಗೆ ಉಪ್ಪು ಹಾಕ್ಕೊಂಡ್ರು. ಅಂದ್ರೆ ಖುಷಿಯಾಗಿದೆ ಅಂತ ಅರ್ಥ. ಬರೀತಾ ಇರು. — ಮಾಲ್ಫ್ರಿದ್

*

ಸುಂದ್‌ವಿಕ
ಅಕ್ಟೋಬರ್ 14

ಮಾವನವರಿಗೆ,

ನಿಮ್ಮ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಸರಿ ಎಂದೂ ಇಲ್ಲ, ತಪ್ಪು ಎಂದೂ ಇಲ್ಲ. ನನಗೆ ಓದಿದಾಗ ಕಂಡದ್ದು ಒಂದೇ: ನೀವು ಬರೆದದ್ದನ್ನು ನಾನು ಮುಟ್ಟಿದ್ದು ನಿಮಗೆ ಹಿಡಿಸಲಿಲ್ಲ. ಹಿಡಿಸದೆ ಹೋದದ್ದು ಸ್ಕ್ರಿಪ್ಟ್ ಮುಟ್ಟಿದ್ದೋ, ನಿಮ್ಮ ಮಗನನ್ನು ಬಿಟ್ಟುಬಂದದ್ದೋ, ಅದನ್ನು ನಾನು ಕೇಳುವುದಿಲ್ಲ.

ಈಗ ಹೇಳುವ ವಿಷಯ ನಿಮಗೆ ಪತ್ರಿಕೆಯಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ. ವರದಿ ಮಂಡಳಿಗೆ ಹೋಯಿತು. ಬಿಟ್ಟುಹೋದ ಸಾಲನ್ನು ಸೇರಿಸಿದ ಮೇಲೆ ಟೆರ್ನೊಯದ ಕರೆಗಳು ವರ್ಷಕ್ಕೆ ಐವತ್ತರ ಹತ್ತಿರ ಇದ್ದದ್ದು ಆರಕ್ಕೆ ಇಳಿದವು. ನನಗೂ ನಂಬಿಕೆ ಬರಲಿಲ್ಲ, ಹಿಂದಿನ ವರ್ಷಗಳದ್ದನ್ನೂ ಹೊಸದಾಗಿ ಓಡಿಸಿದೆ. ಎಲ್ಲ ವರ್ಷವೂ ಅದೇ ಕಥೆ: ಆರು, ಎಂಟು, ಐದು. ಒಂದು ಮರೆತ ಸಾಲಿನಿಂದ ಇಷ್ಟು ಕಾಲ ನಿಮ್ಮ ದ್ವೀಪದ ಲೆಕ್ಕ ಉಬ್ಬಿಕೊಂಡಿತ್ತು ಎಂದು ವರದಿಯಲ್ಲಿ ಬರೆಯಬೇಕಾಯಿತು. ನಿಮ್ಮ ಹೆಸರು ಹಾಕಿಲ್ಲ.

ಆರು ಕರೆಗಾಗಿ ಹಗಲೂ ರಾತ್ರಿ ಒಂದು ಆಂಬುಲೆನ್ಸ್ ದೋಣಿ, ಇಬ್ಬರು ಸಿಬ್ಬಂದಿ ಏಕೆ ಎಂದು ಮಂಡಳಿ ಕೇಳಿತು. ಹೊಸ ವರ್ಷದಿಂದ ದೋಣಿ ಸುಂದ್‌ವಿಕದ ಧಕ್ಕೆಯಲ್ಲಿ ನಿಲ್ಲುತ್ತದೆ. ಕರೆ ಬಂದರೆ ಇಲ್ಲಿಂದ ಅಲ್ಲಿಗೆ ಬರುತ್ತದೆ. ಸದ್ಯಕ್ಕೆ ಈ ಚಳಿಗಾಲದ ಮಟ್ಟಿಗೆ, ಈಸ್ಟರ್ ಕಳೆದ ಮೇಲೆ ಮತ್ತೆ ನೋಡುತ್ತಾರಂತೆ.

ನನಗೆ ಬೇಸರವಿದೆ, ಮಾವ. ಅತ್ತೆಯ ರಕ್ತದೊತ್ತಡ ನೆನಪಿದೆ. ಆದರೆ ಲೆಕ್ಕವನ್ನು ಮುಖ ನೋಡಿ ಮಾಡಬಾರದು ಎಂದು ನನಗೆ ಮೊದಲು ಹೇಳಿದ್ದು ನೀವೇ.

ಸಿನ್ನೋವೆ

*

ಟೆರ್ನೊಯ
ಅಕ್ಟೋಬರ್ 22

ಸಿನ್ನೋವೆ,

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಈ ಕಾಗದ ಆ ಜಾತಿಯದು. ಮೊದಲೇ ಬರೆಯಬೇಕಿತ್ತು. ಬರೆದರೆ ಮುದುಕ ತನ್ನ ಮನೆ ಮುಂದಿನ ದೋಣಿಗಾಗಿ ಸೊಸೆಯ ಕಾಲು ಹಿಡಿದ ಎಂದು ಆಗುತ್ತದಲ್ಲ ಎಂದು ಸುಮ್ಮನಿದ್ದೆ. ಈಗ ಸುಮ್ಮನಿರುವುದಕ್ಕಾಗುವುದಿಲ್ಲ.

ಗುರುವಾರ ಅಂಗಡಿಗೆ ಹೋಗಿದ್ದೆ. ಪಕ್ಕದ ಮನೆಯ ಯೋಸ್ಟೈನ್ ಪತ್ರಿಕೆ ಹಿಡಿದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಓದಿ ಮುಗಿಸಿ ನನ್ನ ಕಡೆ ತಿರುಗಿದ.

‘ವರ್ಷಕ್ಕೆ ಆರೇ ಕರೆಯಂತೆ, ಟೋರ್ಲೈಫಣ್ಣ. ನಮ್ಮಪ್ಪನೊಬ್ಬನ್ನೇ ಹೋದ ವರ್ಷ ನಾಕು ಸಲ ದೋಣಿಗೆ ಹೊತ್ತು ಹಾಕಿದೀನಿ. ಇನ್ನೆರಡರಲ್ಲಿ ಇಡೀ ದ್ವೀಪ ಕಾಯಿಲೆ ಬಿದ್ದು ಎದ್ದಿದ್ಯಾ?’

‘ಲೆಕ್ಕದಲ್ಲಿ ಏನೋ ಇರಬೇಕು’ ಅಂದೆ.

‘ಲೆಕ್ಕ ನಿಮ್ಮ ಸೊಸೇದಂತಲ್ಲ’ ಅಂದ. ಅಂಗಡಿಯವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಮಾಜಿ’ ಅನ್ನಬೇಕಿತ್ತು, ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಈಗ ಕೇಳು. ಟೆರ್ನೊಯದಲ್ಲಿ ಕಾಯಿಲೆಯವರಿಗಾಗಿ ಯಾರೂ ದೋಣಿಯವರನ್ನು ಮನೆಗೆ ಕರೆಸಿಕೊಳ್ಳುವುದಿಲ್ಲ. ಕರೆಸಿಕೊಂಡರೆ ಅವರು ರೋಗಿಯನ್ನು ಸಾಗಿಸುವುದಾದರೂ ಹೇಗೆ, ಅವರ ಬಳಿ ಇರುವುದು ದೋಣಿ. ಇಲ್ಲಿ ಯಾರಾದರೂ ಕುಸಿದರೆ ಒಬ್ಬರು ಫೋನ್ ಮಾಡುತ್ತಾರೆ, ಮಿಕ್ಕವರು ಟ್ರ್ಯಾಕ್ಟರ್ ತರುತ್ತಾರೆ. ರೋಗಿಯನ್ನು ಹಾಸಿಗೆ ಸಮೇತ ಟ್ರೇಲರಿಗೆ ಹಾಕಿ ಧಕ್ಕೆಗೆ ಇಳಿಸುತ್ತಾರೆ. ಅಜ್ಜನ ಕಾಲದಿಂದಲೂ ಹೀಗೇ, ಆಗ ಟ್ರ್ಯಾಕ್ಟರ್ ಬದಲು ಕುದುರೆ ಇತ್ತು. ದೋಣಿಯವರು ಅಷ್ಟರಲ್ಲಿ ಎಂಜಿನ್ ಬಿಸಿ ಮಾಡಿಕೊಂಡು ನಿಂತಿರುತ್ತಾರೆ. ರೋಗಿ ಕೈಗೆ ಬಂದ ಕೂಡಲೇ ‘ಹೊರಟೆವು’ ಗುಂಡಿಯನ್ನೂ ‘ತಲುಪಿದೆವು’ ಗುಂಡಿಯನ್ನೂ ಒಟ್ಟಿಗೇ ಒತ್ತುತ್ತಾರೆ. ಸೊನ್ನೆ ನಿಮಿಷ.

ಬೇರೆ ಒಂಬತ್ತು ಕಡೆ ಸೊನ್ನೆ ಎಂದರೆ ಯಾರೂ ಇಲ್ಲ ಎಂದು. ಇಲ್ಲಿ ಸೊನ್ನೆ ಎಂದರೆ ಒಬ್ಬ ಮನುಷ್ಯ ಹಾಸಿಗೆಯಲ್ಲಿ ಮಲಗಿ ಬಂದಿದ್ದಾನೆ ಎಂದು. ಆ ಸಾಲು ಬಿಟ್ಟುಹೋದದ್ದಲ್ಲ, ನಾನು ಬಿಟ್ಟದ್ದು. ನಿನಗೆ ಸಿಕ್ಕ ಆರು ಕರೆ, ದೋಣಿ ಪಕ್ಕದ ಬಂಡೆದ್ವೀಪಗಳಿಗೆ ಹೋಗಿ ಮೀನುಗಾರರನ್ನು ಎತ್ತಿಕೊಂಡು ಬಂದದ್ದು.

ಟಿಪ್ಪಣಿ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಲೆಕ್ಕ ಬಲ್ಲವರಿಗೆ ಟಿಪ್ಪಣಿ ಬೇಡ, ಬಾರದವರಿಗೆ ಟಿಪ್ಪಣಿಯಿಂದ ಉಪಯೋಗವಿಲ್ಲ ಎಂದು ಮೂವತ್ತು ವರ್ಷ ಜಂಭ ಕೊಚ್ಚಿಕೊಂಡೆ. ನನ್ನ ಜಂಭ, ನಿನ್ನ ಆತುರ. ಪಾಲು ಮಾಡಿಕೊಳ್ಳೋಣ.

ಟೋರ್ಲೈಫ್

ಪಾಲು ಗೀಲು ಏನೂ ಬೇಡ, ದೋಣಿ ಒಂದು ಉಳಿಸಿಕೊಡು ಮಹರಾಯ್ತಿ. ಆ ದೋಣಿ ಹುಡುಗ್ರು ದಿನಾ ಸಂಜೆ ನಮ್ಮನೇಲಿ ಕಾಫಿ ಕುಡೀತಾರೆ. ಅವರು ಹೋದ್ರೆ ನಾನು ಮಾತಾಡೋಕೆ ಇವರೊಬ್ಬರೇ ಉಳಿಯೋದು. ಗೋಡೆ ಜೊತೆ ಮಾತಾಡಿದ್ರೆ ಅದು ಒಂದ್ಸಲ ಹೂಂ ಅಂದೀತು, ಇವರು ಅನ್ನಲ್ಲ. — ಮಾ.

*

ಸುಂದ್‌ವಿಕ
ನವೆಂಬರ್ 18

ಮಾವನವರಿಗೆ,

ನಿಮ್ಮ ಕಾಗದ ಓದಿ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಒಂಬತ್ತು ಕಡೆ ಇದ್ದು ಒಂದು ಕಡೆ ಇಲ್ಲದ್ದು ಮರೆವೇ ಎಂದು ತೀರ್ಮಾನಿಸುವುದಕ್ಕೆ ನನಗೆ ಒಂದು ಕ್ಷಣವೂ ಹಿಡಿದಿರಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲರೂ ಹಾಗೇ ತೀರ್ಮಾನಿಸುತ್ತಾರೆ. ನೀವಿರುವುದು ಒಂದು ದೋಣಿ ಪ್ರಯಾಣದಷ್ಟೇ ದೂರ, ನಿಮ್ಮ ಧಕ್ಕೆಗೆ ಬಂದು ನೋಡಿದ್ದರೆ ಮುಗಿಯುತ್ತಿತ್ತು. ಐದು ವರ್ಷ ಆ ಮನೆಯ ಸೊಸೆಯಾಗಿದ್ದೆ, ನಮ್ಮ ಪುಣ್ಯಕ್ಕೆ ಆ ಐದು ವರ್ಷದಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ, ನನಗೆ ತಿಳಿಯಲೂ ಇಲ್ಲ.

ಮಾರನೆಯ ದಿನವೇ ಏಳನೆಯ ತುಂಡನ್ನು ಫಂಕ್ಷನ್ನಿನಿಂದ ಹೊರಗೆ ತೆಗೆದು, ನೀವು ಬರೆದ ಹಾಗೇ ಇಟ್ಟು ಓಡಿಸಿದೆ. ನಲವತ್ತೇಳು. ಕಾಗದ ಹಿಡಿದುಕೊಂಡು ನಮ್ಮ ಮೇಲಧಿಕಾರಿ ಉನ್ನಿಯ ಹತ್ತಿರ ಹೋದೆ. ಅವರು ಕನ್ನಡಕ ತೆಗೆದರು.

‘ತಪ್ಪಾಯ್ತು ಅಂತ ಬರೀತೀಯಾ?’

‘ಬರೀತೀನಿ.’

‘ಬರಿ, ತಡೆಯಲ್ಲ. ಆದ್ರೆ ಒಂದು ಗೊತ್ತಿರಲಿ. ನಿನ್ನ ಅಡ್ಡಹೆಸರು ಇನ್ನೂ ಬ್ರೆಕ್ಕೆ. ದ್ವೀಪದಲ್ಲಿ ಇರೋರೂ ಬ್ರೆಕ್ಕೆ. ಮೊದಲು ಆರು ಅಂದ್ಲು, ಮಾವ ಕಾಗದ ಹಾಕಿದ, ನಲವತ್ತೇಳು ಅಂದ್ಲು ಅಂತಾರೆ.’

ಮಂಡಳಿಯ ಅಧ್ಯಕ್ಷರು ಹೆಚ್ಚುಕಡಿಮೆ ಹಾಗೇ ಅಂದರು, ಸ್ವಲ್ಪ ನಯವಾಗಿ. ಧಕ್ಕೆಗೆ ಬಂದವರು ರೋಗಿಗಳೇ, ದೋಣಿಯವರ ಜೊತೆ ಕಾಫಿ ಕುಡಿಯಲು ಬಂದವರಲ್ಲ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಆಸ್ಪತ್ರೆಯ ದಾಖಲೆ ತರಿಸಿ ತೋರಿಸಬಹುದು ಎಂದೆ. ಅದಕ್ಕೆ ಅನುಮತಿ ಬೇಕು, ಅನುಮತಿಗೆ ಆರು ತಿಂಗಳು ಬೇಕು. ಒಬ್ಬರೇ ಕೊಟ್ಟ ಎರಡು ಅಂಕಿಗಳಲ್ಲಿ ಯಾವುದನ್ನು ನಂಬುವುದು ಎಂದು ಈಸ್ಟರ್ ಆದ ಮೇಲೆ ಚರ್ಚೆ ಮಾಡುತ್ತಾರಂತೆ. ಅಲ್ಲಿಯವರೆಗೆ ಮೊದಲ ತೀರ್ಮಾನವೇ.

ಆದ್ದರಿಂದ ದೋಣಿ ಹೋಗುತ್ತದೆ, ಮಾವ. ನನ್ನಿಂದ ಹೋಗುತ್ತದೆ. ಕ್ಷಮಿಸಿ ಎಂದು ಬರೆಯುವುದು ಸುಲಭ, ಅದಕ್ಕೇ ಬರೆಯುತ್ತಿಲ್ಲ. ಅನುಮತಿಗೆ ಅರ್ಜಿ ಹಾಕಿದ್ದೇನೆ.

ಸಿನ್ನೋವೆ

*

ಟೆರ್ನೊಯ
ಡಿಸೆಂಬರ್ 8

ಸಿನ್ನೋವೆ ಪುಟ್ಟಿ,

ಈ ಸಲ ಪೂರ್ತಿ ಕಾಗದ ನಂದೇ, ಬಾಲದಲ್ಲಿ ಬರೆದೂ ಬರೆದೂ ಸಾಕಾಯ್ತು.

ಅಳ್ತಾ ಕೂರಬೇಡ. ಅಂಗಡೀಲಿ ಮೊದಮೊದಲು ನಿನ್ನ ಬೈದ್ರು, ನಿಜ. ಆಮೇಲೆ ನೀನು ಮಂಡಳಿ ಮುಂದೆ ನಿಂತು ತಪ್ಪು ನಂದು ಅಂದೆ ಅಂತ ಪತ್ರಿಕೇಲಿ ಬಂತಲ್ಲ, ಯೋಸ್ಟೈನ್ ಅದನ್ನೂ ಓದಿ ಹೇಳ್ದ. ‘ತಪ್ಪು ಅಂತ ಒಪ್ಕೊಳ್ಳೋ ಸರ್ಕಾರಿ ನೌಕರಳನ್ನ ನಾನು ಈಗಲೇ ನೋಡಿದ್ದು’ ಅಂದ. ಇವರು ಮನೆಗೆ ಬಂದು ಅದನ್ನ ನನಗೆ ಎರಡು ಸಲ ಹೇಳಿದ್ರು. ಮೂಗಿನ ತುದೀಲಿ ಕೋಪ ಇಟ್ಕೊಂಡಿರೋ ಮನುಷ್ಯ, ಎದೇಲಿ ಏನೂ ಇಲ್ಲ ಕಣೇ.

ಹಬ್ಬಕ್ಕೆ ಬಾ. ಶೆಟಿಲ್ ಈ ಸಲ ಆ ಹೊಸ ಹುಡುಗಿ ಮನೆಗೆ ಹೋಗ್ತಾನೆ. ಅವಳು ಮಾಂಸ ಮುಟ್ಟಲ್ವಂತೆ, ಪಾಪ ಅವನು ಕ್ರಿಸ್‌ಮಸ್ ರಾತ್ರಿ ಸೊಪ್ಪು ಮೇಯ್ತಾನೆ. ನಾನು ಒಣಗಿಸಿದ ಕುರಿಪಕ್ಕೆ ಆರು ಜನಕ್ಕಾಗೋಷ್ಟು ನೇತುಹಾಕಿದೀನಿ, ತಿನ್ನೋರು ಇಬ್ಬರು. ಮಾವ ಸೊಸೆ ಕೂತ್ಕೊಂಡು ನಿಮ್ಮ ಸಾಲು, ಸೊನ್ನೆ ಏನು ಬೇಕಾದ್ರೂ ಜಗಳ ಆಡಿ. ನಾನು ನಿಮ್ಮಿಬ್ಬರಿಗಿಂತ ಜೋರಾಗಿ ಮಾತಾಡ್ತೀನಿ.

ಹೊರಗಿನೋಳ ಹಾಗೆ ಏನೂ ಹೊತ್ಕೊಂಡು ಬರಬೇಡ.

ನಿನ್ನ ಅತ್ತೆ,
ಮಾಲ್ಫ್ರಿದ್

*

ಟೆರ್ನೊಯ
ಫೆಬ್ರುವರಿ 23

ಸಿನ್ನೋವೆ,

ಶೆಟಿಲ್ ಫೋನ್ ಮಾಡಿ ನಿನಗೆ ಹೇಳಿದ್ದಾನಂತೆ. ಫೋನಿನಲ್ಲಿ ಅವನು ಅರ್ಧ ಹೇಳಿರುತ್ತಾನೆ, ಮಿಕ್ಕದ್ದು ನಾನು ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ ಮಾಲ್ಫ್ರಿದ್ ಕಾಫಿ ಬಗ್ಗಿಸುತ್ತಿದ್ದಳು. ಕ್ರಿಸ್‌ಮಸ್ಸಿಗೆ ಬಂದಾಗ ನೀನು ಅವಳಿಗೆ ಹೆಣಿಗೆಯ ನೂಲು ತಂದಿದ್ದೆಯಲ್ಲ, ಅದರ ಬಣ್ಣ ಶೆಟಿಲ್‌ಗೆ ಒಪ್ಪುತ್ತದೋ ಇಲ್ಲವೋ ಎಂದು ಹೇಳುತ್ತಿದ್ದಳು. ಮಾತು ನಡುವೆಯೇ ನಿಂತಿತು. ನಾನು ತಲೆ ಎತ್ತಲಿಲ್ಲ, ಅವಳು ಸುಮ್ಮನಾದದ್ದು ಒಳ್ಳೆಯದಾಯಿತು ಎಂದು ಪತ್ರಿಕೆ ಓದುತ್ತಿದ್ದೆ. ತಲೆ ಎತ್ತಿದಾಗ ಮುಖದ ಬಲಭಾಗ ಜೋಲುಬಿದ್ದಿತ್ತು, ಕಾಫಿ ಮೇಜಿನ ಮೇಲೆ ಹರಿಯುತ್ತಿತ್ತು.

ನಾನು ಫೋನ್ ಮಾಡಿದೆ. ಯೋಸ್ಟೈನ್ ಟ್ರ್ಯಾಕ್ಟರ್ ತಂದ. ನಾವು ಎಂದಿನ ಹಾಗೆ ಧಕ್ಕೆಗೆ ಇಳಿದೆವು. ಅಲ್ಲಿ ದೋಣಿ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕಾಲುಗಳು ಅಭ್ಯಾಸಬಲದಿಂದ ಓಡಿದ್ದವು. ಎದುರುಗಾಳಿಯಿತ್ತು. ಸುಂದ್‌ವಿಕದಿಂದ ದೋಣಿ ಬರುವವರೆಗೆ ಅವಳ ಮೇಲೆ ಮೂರು ರಜಾಯಿ ಹೊದಿಸಿ, ಗಾಳಿ ಬರುವ ಕಡೆ ನಾವು ನಾಲ್ಕೈದು ಜನ ಅಡ್ಡ ನಿಂತಿದ್ದೆವು. ಮೊದಲಿನ ಹಾಗಿದ್ದರೆ ಅಷ್ಟು ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ಇರುತ್ತಿದ್ದೆವು.

ಬದುಕಿದ್ದಾಳೆ, ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಕೈ ಸ್ವಲ್ಪ ಬರುತ್ತಿದೆ. ಮಾತು ಹೋಗಿದೆ. ಒಂದೇ ಪದ ಉಳಿದಿದೆ, ‘ಇಲ್ಲ’. ಕಾಫಿ ಬೇಕೇ ಎಂದರೆ ಇಲ್ಲ ಎನ್ನುತ್ತಾ ಕೈ ಚಾಚುತ್ತಾಳೆ. ಸಾಯಂಕಾಲದ ಹೊತ್ತು ಮನೆ ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರನ್ನು ಕೇಳಿದೆ. ‘ಬೇಗ ಬಂದಿದ್ರೆ ಒಳ್ಳೇದಿತ್ತು. ಎಷ್ಟು ಒಳ್ಳೇದಿತ್ತು ಅಂತ ಕೇಳಬೇಡಿ, ಅದು ಯಾರಿಗೂ ಗೊತ್ತಾಗಲ್ಲ’ ಅಂದ. ಪ್ರಾಮಾಣಿಕ ಹುಡುಗ.

ಈಗ ನಿನಗೆ ಒಂದು ಮಾತು. ಇದನ್ನು ಮಂಡಳಿಗೆ ಬರೆಯಬೇಡ. ಒಂದು ಮನೆಯ ಕಷ್ಟ ಹಿಡಿದು ಜಿಲ್ಲೆಯ ಲೆಕ್ಕ ಬರೆಯಬಾರದು ಎಂದು ನಿನಗೆ ಕಲಿಸಿದವನು ನಾನು, ದುಃಖದಲ್ಲಿ ಮರೆತೀಯ ಎಂದು ಜ್ಞಾಪಿಸುತ್ತಿದ್ದೇನೆ. ಎರಡನೆಯ ಮಾತು, ಇದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡು ಓಡಾಡಬೇಡ. ನಾನು ಪತ್ರಿಕೆಯಿಂದ ತಲೆ ಎತ್ತದೆ ಕೂತಿದ್ದ ಆ ಹೊತ್ತು ಎಷ್ಟು ಎಂದು ಯಾವ ಗುಂಡಿಯೂ ದಾಖಲು ಮಾಡಿಲ್ಲ.

ನಿನ್ನ ಮಾವ,
ಟೋರ್ಲೈಫ್

*

ಸುಂದ್‌ವಿಕ
ಏಪ್ರಿಲ್ 24

ಮಾವ,

ನಿನ್ನೆ ಮಂಡಳಿಯ ಸಭೆ ನಡೆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಆಸ್ಪತ್ರೆಯ ದಾಖಲೆಗೆ ಅನುಮತಿ ಇನ್ನೂ ಬಂದಿಲ್ಲ. ಆದ್ದರಿಂದ ಏಳನೆಯ ತುಂಡಿನ ಬಗ್ಗೆ ನಾನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಯಾವುದನ್ನೂ ಅವರು ಕೇಳಲಿಲ್ಲ. ನೀವು ಹೇಳಿದಂತೆ ಮನೆಯ ವಿಷಯ ನಾನೂ ಎತ್ತಲಿಲ್ಲ. ಎತ್ತಿಬಿಡೋಣವೆಂದು ಎರಡು ಸಲ ಬಾಯಿಯವರೆಗೆ ಬಂದಿತ್ತು.

ಅಧ್ಯಕ್ಷರು ಕೇಳಿದ್ದು ಒಂದೇ, ಜನವರಿಯಿಂದ ಈಚೆಗೆ ಟೆರ್ನೊಯಕ್ಕೆ ಎಷ್ಟು ಕರೆ ಎಂದು. ಅದೇ ಫಂಕ್ಷನ್, ಅದೇ ಸಾಲು, ಏನೂ ಬದಲಿಸದೆ ಓಡಿಸಿದ ಹಾಳೆ ಕೊಟ್ಟೆ. ಹದಿನೇಳು ಇತ್ತು. ಅಧ್ಯಕ್ಷರು ಹಾಳೆಯನ್ನು ಎರಡು ಸಲ ನೋಡಿದರು.

‘ವರ್ಷಕ್ಕೆ ಆರು ಇದ್ದದ್ದು ಇಷ್ಟರಲ್ಲೇ ಹದಿನೇಳಾ? ಇದರಲ್ಲಿ ಏನಾದ್ರೂ ಕೈಯಾಡಿಸಿದೀರಾ?’

‘ಇಲ್ಲ. ನೀವು ನಂಬಿದ ಲೆಕ್ಕವೇ.’

‘ಹಾಗಾದ್ರೆ ಬೇಡಿಕೆ ಜಾಸ್ತಿ ಆಗಿದೆ’ ಅಂದರು. ಎಲ್ಲರೂ ತಲೆ ಆಡಿಸಿದರು. ಈ ಅಂಕಿಯ ಬಗ್ಗೆ ಯಾರದೂ ತಕರಾರಿಲ್ಲವಾದ್ದರಿಂದ ದೋಣಿಯನ್ನು ಮೇ ಒಂದರಿಂದ ಟೆರ್ನೊಯದಲ್ಲೇ ನಿಲ್ಲಿಸುವುದು ಎಂದು ನಡಾವಳಿಯಲ್ಲಿ ಬರೆದುಕೊಂಡರು. ಕಾಫಿ ಬಂತು. ಮುಂದಿನ ವಿಷಯ ಶಾಲೆಯ ಬಸ್ಸಿನದು.

ಬೇಡಿಕೆ ಏನೂ ಹೆಚ್ಚಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ದೋಣಿ ಧಕ್ಕೆಯಲ್ಲಿದ್ದಾಗ ನಿಮ್ಮ ಜನ ಸೊನ್ನೆಯಾಗಿ ಬಂದರು, ಅವರನ್ನು ನಾನು ಬಿಸಾಡಿದೆ. ದೋಣಿ ಇಲ್ಲಿಂದ ಹೊರಟು ಅಲ್ಲಿಗೆ ಬರತೊಡಗಿದ ಮೇಲೆ ಒಬ್ಬೊಬ್ಬರೂ ಅರ್ಧ ಗಂಟೆ ಗಾಳಿಯಲ್ಲಿ ಕಾದು ಲೆಕ್ಕಕ್ಕೆ ಸಿಕ್ಕರು. ಆ ಹದಿನೇಳು ಸಾಲಿನಲ್ಲಿ ಹೆಸರು ಇರುವುದಿಲ್ಲ, ದಿನಾಂಕ ಇರುತ್ತದೆ. ಫೆಬ್ರುವರಿಯ ಬುಧವಾರದ ಸಾಲು ಯಾವುದೆಂದು ನೋಡಬಾರದು ಎಂದುಕೊಂಡೇ ನೋಡಿದೆ. ಇಪ್ಪತ್ತೊಂಬತ್ತು ನಿಮಿಷ. ಮಿತಿ ಮೂವತ್ತು, ಆದ್ದರಿಂದ ಪಕ್ಕದಲ್ಲಿ ‘ತೃಪ್ತಿಕರ’ ಎಂದು ತಾನಾಗೇ ಬಿದ್ದಿತ್ತು. ಆ ಪದವನ್ನು ಬೀಳಿಸುವ ಸಾಲೂ ನಾನು ಬರೆದದ್ದೇ.

ಮುಂದಿನ ವಾರ ಏಳನೆಯ ತುಂಡನ್ನು ಬೇರೆಯಾಗಿಯೇ ಸ್ಕ್ರಿಪ್ಟಿಗೆ ಸೇರಿಸುತ್ತೇನೆ. ಇಲ್ಲದಿದ್ದರೆ ಬರುವ ವರ್ಷ ನೀವೆಲ್ಲ ಮತ್ತೆ ಕಾಣೆಯಾಗುತ್ತೀರಿ. ಉನ್ನಿ ಸಹಿ ಹಾಕಿದ್ದಾರೆ.

ಅತ್ತೆಗೆ ದೋಣಿ ವಾಪಸ್ ಬರುತ್ತಿದೆ ಎಂದು ಹೇಳಿ. ಇಲ್ಲ ಎಂದರೆ, ಹೌದು ಎಂದು ಕೈ ಹಿಡಿದು ಧಕ್ಕೆಗೆ ಕರೆದುಕೊಂಡು ಹೋಗಿ ತೋರಿಸಿ. ಯಾಕೆ ಬಂತು ಎಂದು ಕೇಳುವಷ್ಟು ಮಾತು ಅವರಿಗೆ ಮರಳಿದ ದಿನ ನನಗೆ ಒಂದು ಸಾಲು ಬರೆಯಿರಿ. ಆ ಉತ್ತರ ನೀವು ಕೊಡಬೇಡಿ. ನಾನೇ ಬಂದು ಹೇಳುತ್ತೇನೆ.

ಸಿನ್ನೋವೆ